ಒಂಬತ್ತನೇ ಮನೆಯ ಕಾಫಿ

ನಾನು ಆ ಊರಿಗೆ ಹೋದದ್ದು ದೇವೀರಮ್ಮನ ನಕಲಾಗಿ. ನನ್ನ ಹೆಸರು ಬೋರಲಿಂಗ. ಅದು ಅಲ್ಲಿ ಯಾರಿಗೂ ಬೇಕಾಗಲಿಲ್ಲ. ಕೆಲಸಕ್ಕೆ ಸೇರಿದ ಮರುದಿನವೇ ಹಾಲು ಹಾಕುವವಳು ಬಾಗಿಲಲ್ಲಿ ನಿಂತು "ನಕಲಪ್ಪಾರೇ, ಪಾತ್ರೆ ತನ್ನಿ" ಎಂದಳು, ಅಲ್ಲಿಗೆ ನಾಮಕರಣ ಮುಗಿಯಿತು. ನನಗಿಂತ ಮುಂಚೆ ಇಬ್ಬರು ನಕಲಪ್ಪಂದಿರು ಬಂದು ಹೋಗಿದ್ದರಂತೆ. ಒಬ್ಬ ಐದು ತಿಂಗಳು ತಡೆದುಕೊಂಡ, ಇನ್ನೊಬ್ಬ ಹನ್ನೊಂದು ದಿನ. ಊರಿನ ನಿಯಮ ಸರಳವಾಗಿತ್ತು: ಎರಡು ದಿನ ಒಂದೇ ಸಮನೆ ಬಾವಿಗಳು ತುಂಬದಿದ್ದರೆ ನಕಲು ಊರು ಬಿಡಬೇಕು. ನನಗೆ ಬಿಟ್ಟುಹೋಗಲು ಬೇರೆ ಊರಿರಲಿಲ್ಲ. ಇದ್ದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಎರಡನ್ನೂ ತಂದು ಪಡುವಲ ಕೇರಿಯ ಕಚೇರಿ ಪಕ್ಕದ ಕೋಣೆಯಲ್ಲಿ ಇಟ್ಟುಬಿಟ್ಟಿದ್ದೆ. ಆ ಕೋಣೆಯ ಕಿಟಕಿ, ಅದರಾಚೆಯ ನುಗ್ಗೆ ಮರ, ಮರದ ಕೆಳಗೆ ಮಲಗುವ ಮೂರು ಕಾಲಿನ ನಾಯಿ ಎಲ್ಲವೂ ನನಗೆ ಮೊದಲ ವಾರದಲ್ಲೇ ಹಿಡಿಸಿಬಿಟ್ಟಿದ್ದವು.

ಊರಿನಲ್ಲಿ ನಾಲ್ಕು ಕೇರಿ: ಮೂಡಲ, ಪಡುವಲ, ತೆಂಕಲ, ಬಡಗಲ. ಒಂದೊಂದು ಕೇರಿಗೆ ಇಪ್ಪತ್ತು ಮನೆ, ಪ್ರತಿಯೊಂದು ಕೇರಿಯಲ್ಲೂ ಮನೆಗಳ ಅಂಕಿ ಒಂದರಿಂದಲೇ ಶುರು. ಹೀಗಾಗಿ ಏಳನೇ ಮನೆ ಎಂದರೆ ನಾಲ್ಕು ಏಳನೇ ಮನೆಗಳು. ಮನೆ ಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದೊಂದು ಪುಟ್ಟ ಗೂಡು. ಕೇರಿಗೊಂದು ಮೆಟ್ಟಿಲುಬಾವಿ. ಬೆಳಿಗ್ಗೆ ಆರು ಗಂಟೆಗೆ ಕಚೇರಿಯ ಕಲ್ಲುಕಿಂಡಿಯಲ್ಲಿ ಚೀಟಿ ಬಂದಿರುತ್ತದೆ. ಚೀಟಿಯಲ್ಲಿ ಹೇಳಿದ್ದನ್ನೆಲ್ಲ ಮಾಡಿ ಮುಗಿಸಿದರೆ ಸಂಜೆ ನಾಲ್ಕಕ್ಕೆ ನಾಲ್ಕೂ ಬಾವಿಗಳು ತುಂಬುತ್ತವೆ. ಯಾರು ಬರೆಯುತ್ತಾರೆ ಎಂದು ನಾನು ಒಮ್ಮೆ ಕೇಳಿದ್ದೆ. "ಬರ್ಯೋರು ಬರೀತಾರೆ, ನೀವು ಮಾಡಿ" ಎಂದರು. ಆಮೇಲೆ ಕೇಳಲಿಲ್ಲ.

ನಲವತ್ತು ವರ್ಷ ಆ ಚೀಟಿಗಳನ್ನು ನಡೆಸಿದವರು ದೇವೀರಮ್ಮ. ಮಂಡಿ ಹಿಡಿದುಕೊಂಡು ನಡೆಯಲಾಗದೆ ಅವರು ಮಂಚ ಸೇರಿದ ಮೇಲೆ ನಕಲುಗಳ ಕಾಲ ಬಂತು. ಚೀಟಿಯನ್ನು ಯಾರು ಬೇಕಾದರೂ ಓದಬಹುದು, ಅದೇನು ದೊಡ್ಡ ವಿದ್ಯೆಯಲ್ಲ. ಆದರೆ ಬಾವಿಗಳಿಗೆ ದೇವೀರಮ್ಮನ ಕೈ ಅಭ್ಯಾಸವಾಗಿಹೋಗಿತ್ತು. ಅವರು ನಡೆಸಿದಂತೆ ನಡೆಸಿದರೆ ಮಾತ್ರ ನೀರು. ನನ್ನ ಕೆಲಸ ಒಳ್ಳೆಯದನ್ನು ಮಾಡುವುದಲ್ಲ, ಸರಿಯಾದದ್ದನ್ನು ಮಾಡುವುದೂ ಅಲ್ಲ. ದೇವೀರಮ್ಮ ಮಾಡುತ್ತಿದ್ದುದನ್ನು ಮಾಡುವುದು. ಇದು ತಲೆಗೆ ಹತ್ತಲು ನನಗೆ ಸುಮಾರು ಒಂದು ವರ್ಷ ಹಿಡಿಯಿತು, ಅದನ್ನೇ ಈಗ ಹೇಳಹೊರಟಿರುವುದು.

ಚೀಟಿಯಲ್ಲಿ ಬರೀ ಮನೆಯ ಅಂಕಿ ಇದ್ದರೆ ಅದು ಮೂಡಲ ಕೇರಿ. ಬೇರೆ ಕೇರಿಗೆ ಹೋಗಬೇಕಾದರೆ ಸಾಲಿನ ಮುಂದೆ ಆ ಕೇರಿಯ ಹೆಸರು ಇರುತ್ತದೆ. ಆ ಹೆಸರನ್ನು ಊರಿನವರು ಮುನ್ನುಡಿ ಎನ್ನುತ್ತಾರೆ. ಪುಸ್ತಕದ ಮುನ್ನುಡಿಯನ್ನು ಓದದೆ ದಾಟಿಸಿದರೆ ಯಾರಿಗೂ ನಷ್ಟವಿಲ್ಲ. ಇದನ್ನು ದಾಟಿಸಿದರೆ ಊರಿಗೆ ನೀರಿಲ್ಲ. ನಾನು ದಾಟಿಸಲಿಲ್ಲ, ನನ್ನ ತಪ್ಪು ಬೇರೆ ಥರದ್ದು. ಮೂರನೇ ದಿನದ ಚೀಟಿಯಲ್ಲಿ "ತೆಂಕಲ. ಐದನೇ ಮನೆಯ ಬಾಗಿಲು ತೆರೆ" ಎಂದಿತ್ತು. ಕೆಳಗಿನ ಸಾಲು "ಆರನೇ ಮನೆಯ ಹಸು ಬಿಚ್ಚು." ನಾನು ತೆಂಕಲ ಕೇರಿಯಲ್ಲೇ ಇದ್ದೆನಲ್ಲ, ಪಕ್ಕದ ಆರನೇ ಮನೆಗೆ ಹೋಗಿ ಹಸು ಹುಡುಕಿದೆ. ಅವರ ಮನೆಯಲ್ಲಿ ಹಸು ಇರಲಿಲ್ಲ. ಇದ್ದ ಮೇಕೆಯನ್ನೇ ಬಿಚ್ಚಿದೆ. ಹಾಗೇ ಉಳಿದ ಹದಿನಾರು ಸಾಲುಗಳನ್ನೂ ತೆಂಕಲ ಕೇರಿಯಲ್ಲೇ ಮುಗಿಸಿ, ಎಷ್ಟು ಬೇಗ ಆಯಿತಲ್ಲ ಎಂದು ಹಿಗ್ಗಿ ಕಚೇರಿಗೆ ಬಂದು ಕುಳಿತೆ. ನಾಲ್ಕು ಗಂಟೆಗೆ ಬಾವಿಯಲ್ಲಿ ನೀರಿರಲಿಲ್ಲ, ಮೇಕೆ ಇತ್ತು.

ಕೆಲಸ ಕೆಟ್ಟ ದಿನ ಮಾಡಿದ್ದನ್ನೆಲ್ಲ ಕತ್ತಲಾಗುವುದರೊಳಗೆ ಹಿಂದಕ್ಕೆ ಮಾಡಿಬರಬೇಕು, ಅದೂ ನಕಲಿನದೇ ಕೆಲಸ. ಅದನ್ನು ಮುಗಿಸಿ, ಮೇಕೆ ಗುದ್ದಿದ ಸೊಂಟ ಹಿಡಿದುಕೊಂಡು ದೇವೀರಮ್ಮನ ಮಂಚದ ಹತ್ತಿರ ಹೋಗಿ ಕುಳಿತೆ. ಅವರು ಎಲೆಯಡಿಕೆ ಕುಟ್ಟಿಕೊಳ್ಳುತ್ತ ಕೇಳಿದರು:

"ತೆಂಕಲ ಅಂತ ಎಷ್ಟ್ ಸಲ ಬರ್ದಿತ್ತಪ್ಪ?"

"ಒಂದ್ಸಲ."

"ಒಂದ್ಸಲ ಕರೆದ್ರೆ ಒಂದ್ಸಲ ಹೋಗ್ಬೇಕು. ಊಟಕ್ ಕರೆದೋರ ಮನೇಲಿ ಸಂಸಾರ ಹೂಡ್ಬಿಡೋದಾ?"

ಒಂದು ಮುನ್ನುಡಿಗೆ ಒಂದು ಸಾಲಿನ ಆಯುಸ್ಸು. ಸಾಲು ಮುಗಿದರೆ ಮತ್ತೆ ಮೂಡಲ. ಇದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಹದಿನೈದು ದಿನದ ಮೇಲೆ "ಬಡಗಲ. ಸುಮ್ಮನೆ ನಿಲ್ಲು" ಎಂದು ಬಂತು. ಸುಮ್ಮನೆ ನಿಲ್ಲುವುದಕ್ಕೆ ಕೇರಿ ಯಾವುದಾದರೇನು ಎಂದುಕೊಂಡು ಕಚೇರಿಯಲ್ಲೇ ನಿಂತೆ. ಬಡಗಲ ಎಂಬ ಮುನ್ನುಡಿ ಪೋಲಾಗಬಾರದೆಂದು ಅದನ್ನು ಜೋಪಾನವಾಗಿ ಕೆಳಗಿನ ಸಾಲಿಗೆ ಹಚ್ಚಿದೆ. ನೀರು ಬರಲಿಲ್ಲ. ದೇವೀರಮ್ಮ "ಪೋಲಾದ್ರೆ ಆಗ್ಲಿ ಬಿಡು, ಅದೇನ್ ತುಪ್ಪವಾ?" ಎಂದರು. ಇನ್ನೊಮ್ಮೆ ಒಂದೇ ಸಾಲಿನ ಮುಂದೆ "ತೆಂಕಲ. ಬಡಗಲ" ಎಂದು ಎರಡು ಕೇರಿ ಬಂತು. ಆ ದಿನ ಬುದ್ಧಿ ಬಂದು ಮೊದಲೇ ಹೋಗಿ ಕೇಳಿದೆ. "ಕೊನೇಲಿ ಯಾರ್ ಕೂಗಿದ್ರೋ ಅವರ ಮನೆಗೆ" ಎಂದರು. ಬಾವಿ ತುಂಬಿತು. ಅದನ್ನೂ ಬರೆದುಕೊಂಡೆ. ಹೀಗೆ ಬಿದ್ದು ಎದ್ದು ಹನ್ನೊಂದು ತಿಂಗಳು ಕಳೆಯುವಷ್ಟರಲ್ಲಿ ನೋಟುಪುಸ್ತಕ ತುಂಬಿತ್ತು, ನನಗೂ ಸ್ವಲ್ಪ ತಲೆ ತಿರುಗಿತ್ತು. ದೇವೀರಮ್ಮನನ್ನು ಕೇಳುವುದನ್ನು ಬಿಟ್ಟಿದ್ದೆ.

ಆಗ ಬಂತು ವರ್ಷಕ್ಕೊಮ್ಮೆ ಬರುವ ಸಾಗಾಟದ ಚೀಟಿ. ಒಂದೇ ಸಾಲು: "ಬಡಗಲ. ಮರಳಿ ಮರಳಿ. ಗೂಡಿನಲ್ಲಿರುವುದನ್ನು ಸಾಗಿಸು. ಇಪ್ಪತ್ತು." ಮುಂದೆ ಎರಡು ಮುನ್ನುಡಿ. ಬಡಗಲ ಎಂದರೆ ಬಡಗಲ ಕೇರಿಯ ಗೂಡುಗಳಿಂದ. ಮರಳಿ ಮರಳಿ ಎಂದರೆ ಒಂದರಿಂದ ಇಪ್ಪತ್ತರವರೆಗೆ ಮನೆ ಬಿಡದೆ. ಸಾಗಾಟ ಯಾವತ್ತಿದ್ದರೂ ತೆಂಕಲ ಕೇರಿಗೆ, ಅದೇ ಅಂಕಿಯ ಮನೆಯ ಗೂಡಿಗೆ. ಎಲ್ಲಿಂದ ತರಬೇಕು ಎಂಬುದನ್ನು ಮುನ್ನುಡಿ ಬದಲಿಸಬಲ್ಲದು, ಎಲ್ಲಿಗೆ ಕೊಡಬೇಕು ಎಂಬುದನ್ನು ಯಾವ ಮುನ್ನುಡಿಯೂ ಬದಲಿಸಲಾರದು. ಸಾಗಿಸಿದ್ದು ಪಡೆದವರದೇ. ಗೂಡು ಖಾಲಿ ಇದ್ದರೆ ಖಾಲಿ ಕೈಯನ್ನೇ ಸಾಗಿಸಬೇಕು. ದೇವೀರಮ್ಮ ಹಿಂದೆಂದೋ ಹೇಳಿದ್ದೆಲ್ಲವೂ ನೋಟುಪುಸ್ತಕದಲ್ಲಿತ್ತು. ನನಗೆ ಯಾರ ಹಂಗೂ ಬೇಕಿರಲಿಲ್ಲ.

ಬಡಗಲ ಕೇರಿಯ ಮೊದಲ ಎಂಟು ಮನೆಯವರು ಗೂಡಿನಲ್ಲಿ ಇಟ್ಟಿದ್ದನ್ನು ನೋಡಿದರೆ ನಗು ಬರುತ್ತಿತ್ತು. ಹಲ್ಲು ಮುರಿದ ಬಾಚಣಿಗೆ, ಸುಣ್ಣದ ಖಾಲಿ ಡಬ್ಬಿ, ಕಿವಿ ಹೋದ ಕಪ್ಪು. ಸಾಗಿ ಹೋಗುವುದು ಗೊತ್ತಿದ್ದು ಇಟ್ಟವು ಅವು. ಒಂದೊಂದನ್ನೇ ತೆಂಕಲ ಕೇರಿಗೆ ಒಯ್ದು, ತಿರುಗಿ ಬಂದು, ಎಂಟನ್ನು ಮುಗಿಸಿ ಒಂಬತ್ತಕ್ಕೆ ಕೈ ಚಾಚಿದೆ. ಒಂಬತ್ತನೇ ಮನೆ ಗವಿಯಪ್ಪನವರದು. ಕಾಳಿನ ವ್ಯಾಪಾರ ಮಾಡಿ ಬಿಟ್ಟವರು, ಬಾಯಿ ಬೊಚ್ಚು. ಅವರು ಬಾಗಿಲಲ್ಲೇ ಕಾದು ನಿಂತಿದ್ದರು, ಕೈಯಲ್ಲಿ ಹಬೆಯಾಡುವ ಲೋಟ.

"ಬನ್ನಿ ಬನ್ನಿ ನಕಲಪ್ಪೋರೆ, ಕಾಫಿ ಕುದ್ದು ಹೋಗಿ."

"ಬೇಡಿ ಗವಿಯಪ್ಪೋರೆ, ಕೆಲಸದ ಮೇಲಿದ್ದೀನಿ."

"ಕೆಲ್ಚ ಎಲ್ಲಿಗ್ ಓದಾದು? ಒಂದ್ ಗುತುಕು!"

"ಮುಗಿಸ್ಕೊಂಡು ಬರ್ತೀನಿ" ಎಂದು ಅವರ ಕೈ ಸರಿಸಿ ಗೂಡಿಗೆ ಕೈ ಹಾಕಿದೆ. ಗೂಡಿನೊಳಗೆ ನೀರು ತುಂಬಿದ ಬಟ್ಟಲು, ಬಟ್ಟಲಲ್ಲಿ ಗವಿಯಪ್ಪನವರ ಹಲ್ಲು ಸೆಟ್ಟು. ಅದನ್ನೂ ಸಾಗಿಸಿದೆ. ಅವರು "ಅಯ್ಯೋ ಅಲ್ಲು! ಅಲ್ಲು!" ಎಂದು ಕೇರಿಯ ತುದಿಯವರೆಗೂ ಹಿಂದೆ ಬಂದರು. ಒಂಬತ್ತರಿಂದಾಚೆಗೆ ಬಡಗಲ ಕೇರಿಯವರ ಗೂಡುಗಳಲ್ಲಿ ಯಾಕೋ ಎಲ್ಲವೂ ಬೆಲೆಬಾಳುವಂಥವೇ ಸಿಕ್ಕವು: ಕನ್ನಡಕ, ಬೀಗದ ಕೈ ಗೊಂಚಲು, ಹದಿನೇಳನೇ ಮನೆಯಲ್ಲಿ ಮಗುವಿನ ಬೆಳ್ಳಿ ಗೆಜ್ಜೆ. ಜನ ಬೈದರು, ಅತ್ತರು, ಒಬ್ಬಾಕೆ ಪೊರಕೆ ತೋರಿಸಿದಳು. ನಾನು ಚೀಟಿ ತೋರಿಸಿದೆ. ನಡುವೆ ಒಂದು ಕ್ಷಣವೂ ನಿಲ್ಲದೆ, ಒಂದು ಹನಿ ನೀರನ್ನೂ ಕುಡಿಯದೆ ಇಪ್ಪತ್ತನ್ನೂ ಮುಗಿಸಿದೆ. ಅಷ್ಟು ಅಚ್ಚುಕಟ್ಟಾಗಿ ನಾನು ಯಾವತ್ತೂ ಕೆಲಸ ಮಾಡಿರಲಿಲ್ಲ.

ನಾಲ್ಕು ಗಂಟೆಗೆ ಬಾವಿಯಲ್ಲಿ ಒಂದು ಹನಿಯೂ ಇರಲಿಲ್ಲ.

ಸುಳ್ಳು ಯಾಕೆ, ನನಗೆ ಅಳುವೇ ಬಂತು. ಚೀಟಿ ತೆಗೆದು ಒಂದೊಂದು ಅಕ್ಷರ ಓದಿದೆ. ತಪ್ಪೇ ಇರಲಿಲ್ಲ. ಆದರೂ ಹಿಂದಕ್ಕೆ ಮಾಡಲೇಬೇಕಲ್ಲ, ತೆಂಕಲ ಕೇರಿಗೆ ಹೋಗಿ ಇಪ್ಪತ್ತು ಮನೆಯ ಮುಂದೆ ಕೈಯೊಡ್ಡಿದೆ. ಅಲ್ಲಿನ ಒಂಬತ್ತನೇ ಮನೆಯ ಅಜ್ಜಿ ಹಲ್ಲು ಸೆಟ್ಟನ್ನು ಹಾಕಿಕೊಂಡು ಆಗಲೇ ಕಡಲೆ ತಿನ್ನುತ್ತಿತ್ತು, ಬಿಚ್ಚಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು. ತೊಳೆದು ತಂದುಕೊಟ್ಟಾಗ ಗವಿಯಪ್ಪನವರು ಅದನ್ನು ಬಾಯಿಗಿಟ್ಟುಕೊಂಡು, ಅದರ ಮೊದಲ ಉಪಯೋಗವಾಗಿ ನನ್ನನ್ನು ಸ್ಪಷ್ಟವಾಗಿ ಬೈದರು. "ಕಾಫಿ ಬೇಡ ಅಂದ ಕಣ್ರೀ! ನಮ್ ಕೇರೀಲಿ ನಿಂತು, ಕೈಗೆ ಬಂದ್ ಲೋಟಾನ ಬೇಡ ಅಂದ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿ ಬಾಗಿಲು ಹಾಕಿಕೊಂಡರು.

ಕಚೇರಿಗೆ ಬಂದರೆ ಜಗಲಿಯ ಮೇಲೆ ಒಬ್ಬ ವಯಸ್ಸಾದ ಹೆಂಗಸು ಕುಳಿತಿದ್ದರು. ಮೂಡಲ ಕೇರಿಯ ಹದಿನಾಲ್ಕನೇ ಮನೆಯ ಲಕ್ಕಮ್ಮ. ಬಿಗಿಯಾಗಿ ಕಟ್ಟಿದ ಬಿಳಿ ಗಂಟು, ಮಡಿಲಲ್ಲಿ ಒಂದು ಕಾಗದದ ಪೊಟ್ಟಣ. ಪೊಟ್ಟಣದಿಂದ ಹುರಿದ ಕಾಫಿಯ ವಾಸನೆ ಬರುತ್ತಿತ್ತು.

"ನನ್ ಗೂಡಿಗೆ ಯಾಕಪ್ಪ ಕೈ ಹಾಕ್ಲಿಲ್ಲ?" ಎಂದರು.

"ಚೀಟೀಲಿ ಬಡಗಲ ಅಂತಿದೆ ಅಮ್ಮ. ನಿಮ್ಮದು ಮೂಡಲ."

"ಮೂವತ್ ವರ್ಷದಿಂದ ದೇವೀರಕ್ಕ ಈ ದಿನ ನನ್ ಗೂಡಿಂದ ತಗೊಂಡ್ ಹೋಗೋಳು. ನಮ್ ಕೇರೀಲಿ ಒಂಬತ್ತರಿಂದ ಇಪ್ಪತ್ತರ ತನಕ ಎಲ್ರ ಮನೆಯಿಂದಾನೂ."

"ಹಂಗಾಗೋಕೆ ಸಾಧ್ಯಾನೇ ಇಲ್ಲ. ನೋಡಿ, ಇಲ್ಲಿ ಬರ್ದಿದೆ."

ಅವರು ಚೀಟಿಯ ಕಡೆ ತಿರುಗಿಯೂ ನೋಡಲಿಲ್ಲ. "ನೀನು ದೇವೀರಕ್ಕನ ನಕಲೋ, ಚೀಟಿ ನಕಲೋ?" ಎಂದು ಕೇಳಿ ಎದ್ದರು. ಎದ್ದವರು ಹೋಗದೆ ನಿಂತರು. ತೆಂಕಲ ಕೇರಿಯ ಹದಿನಾಲ್ಕನೇ ಮನೆಯ ಚೆನ್ನಾಜಮ್ಮ ಅವರ ಸ್ವಂತ ತಂಗಿಯಂತೆ. ಮದುವೆ ಮಾತುಕತೆಗೆ ಹೋದ ದಿನ ಗಂಡಿನ ಮನೆಯ ಕಾಫಿ ಕುಡಿದು ಲಕ್ಕಮ್ಮ ಎಲ್ಲರೆದುರು "ಇದೇನು ಕಾಫೀನೋ ಕಲಗಚ್ಚೋ" ಎಂದುಬಿಟ್ಟಿದ್ದರು. ಕಾಫಿ ಮಾಡಿದ್ದು ಗಂಡಿನ ಮನೆಯವರಲ್ಲ. ಸೊಸೆಯಾಗುವವಳ ಕೈಗುಣ ನೋಡಬೇಕೆಂದು ಅವರು ಚೆನ್ನಾಜಮ್ಮನನ್ನೇ ಅಡುಗೆಮನೆಗೆ ಕಳಿಸಿದ್ದರು. ಮದುವೆಯೇನೋ ಆಯಿತು, ಅಕ್ಕತಂಗಿಯರ ಮಾತು ಅಲ್ಲಿಗೆ ನಿಂತಿತು. ಮರುವರ್ಷದಿಂದ ಲಕ್ಕಮ್ಮ ತಾವೇ ಹುರಿದು ಕುಟ್ಟಿದ ಕಾಫಿಪುಡಿಯ ಪೊಟ್ಟಣವನ್ನು ಸಾಗಾಟದ ದಿನ ಗೂಡಿನಲ್ಲಿಡುತ್ತ ಬಂದಿದ್ದರು. ಜೊತೆಗೆ ಒಂದು ಮಾತಿಲ್ಲ, ಅಕ್ಷರವಿಲ್ಲ. ಅತ್ತ ಕಡೆಯಿಂದ ಏನಾದರೂ ಬರಲು ದಾರಿಯೂ ಇರಲಿಲ್ಲ, ಸಾಗಾಟ ತೆಂಕಲ ಕೇರಿಗೆ ಹೋಗುತ್ತದೆಯೇ ಹೊರತು ಅಲ್ಲಿಂದ ಬರುವುದಿಲ್ಲ.

"ನಡ್ಕೊಂಡು ಹೋದ್ರೆ ಐದು ನಿಮಿಷದ ದಾರಿ. ನೀವೇ ಕೊಟ್ ಬರಬಹುದಲ್ಲಮ್ಮ" ಎಂದೆ.

"ನಾನ್ಯಾಕ್ ಹೋಗ್ಲಿ? ಚಿಕ್ಕೋಳು ಅವ್ಳು, ಅವ್ಳೇ ಬರ್ಲಿ" ಎಂದು ಲಕ್ಕಮ್ಮ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟುಹೋದರು.

ಮರುದಿನ ಆರು ಗಂಟೆಗೆ ಕಲ್ಲುಕಿಂಡಿಯಲ್ಲಿ ಅದೇ ಚೀಟಿ ಬಂದಿತ್ತು. ಇವತ್ತೂ ನೀರು ಬರದಿದ್ದರೆ ನಾಳೆ ನನ್ನ ಟ್ರಂಕು ಬೀದಿಯಲ್ಲಿ. ಬಿಗುಮಾನ ಬಿಟ್ಟು ದೇವೀರಮ್ಮನ ಹತ್ತಿರ ಓಡಿದೆ. ಅವರಿಗೆ ಎಲ್ಲ ಹೇಳಿದೆ. ಅವರು ನಂಬಲಿಲ್ಲ.

"ನಾನಾ? ಬಡಗಲ ಅಂತ ಬರ್ದಿದ್ರೆ ಮೂಡಲಕ್ ಹೋಗ್ತಿದ್ನಾ? ನಲವತ್ ವರ್ಷದಲ್ಲಿ ಒಂದ್ ತಪ್ಪು ತೋರ್ಸಪ್ಪ, ನೋಡೋಣ."

ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಗೆರೆ ಎಳೆದೆ: ಮೂಡಲ, ಬಡಗಲ, ತೆಂಕಲ. ಮೊದಲಿನ ಎರಡರ ಮೇಲೆ ಇಪ್ಪತ್ತಿಪ್ಪತ್ತು ಹುಣಸೆಬೀಜ ಜೋಡಿಸಿದೆ. ದೇವೀರಮ್ಮ ಮಂಚದ ಅಂಚಿಗೆ ಬಂದು ಬಗ್ಗಿ, ಚೀಟಿಯನ್ನು ಗಟ್ಟಿಯಾಗಿ ಒಮ್ಮೆ ಹೇಳಿಕೊಂಡು, ಬಡಗಲದ ಬೀಜಗಳನ್ನು ಒಂದೊಂದಾಗಿ ತೆಂಕಲಕ್ಕೆ ಸಾಗಿಸಿದರು. ಇಪ್ಪತ್ತಕ್ಕೆ ಇಪ್ಪತ್ತೂ ಸರಿ. ಇನ್ನೊಂದು ಸಲ ಮಾಡಿ ಎಂದು ಬೇಡಿಕೊಂಡೆ. ಎರಡನೇ ಸಲ ಆರೋ ಏಳೋ ಬೀಜ ಆಗಿತ್ತು, ಅವರ ಸೊಸೆ ಒಳಗಿನಿಂದ ಬಂದು "ಅತ್ತೆ, ಕಾಫಿ" ಎಂದು ಲೋಟ ಹಿಡಿದಳು. ದೇವೀರಮ್ಮ ಬೀಜ ಬಿಟ್ಟು ಲೋಟ ತೆಗೆದುಕೊಂಡರು. ನಿಧಾನವಾಗಿ ಕುಡಿದರು. ಬಾಯಿ ಒರೆಸಿಕೊಂಡು "ಎಲ್ಲಿದ್ದೆ? ಹ್ಞಾ, ಮರಳಿ ಮರಳಿ" ಎಂದು ಮುಂದಿನ ಬೀಜ ಎತ್ತಿದರು. ಮೂಡಲದ ಗೆರೆಯಿಂದ ಎತ್ತಿದರು. ಅದರ ಮುಂದಿನದೂ ಮೂಡಲದಿಂದ. ಇಪ್ಪತ್ತು ಮುಗಿಯುವವರೆಗೂ ಮೂಡಲದಿಂದಲೇ.

ಮುನ್ನುಡಿ ಎರಡಿದ್ದವು. ನಡುವೆ ಯಾರಾದರೂ ನಿಲ್ಲಿಸಿದರೆ ಅವರಿಗೆ ಕೊನೆಯದು ಮಾತ್ರ ನೆನಪಿರುತ್ತಿತ್ತು. ಕೇರಿ ಮೊದಲು ಹೇಳಿದ್ದು, ಅದು ಕಾಫಿಯ ಜೊತೆ ಇಳಿದುಹೋಗುತ್ತಿತ್ತು. ಕೇರಿಯ ಹೆಸರಿಲ್ಲದ ಸಾಲು ಮೂಡಲದ್ದೇ ತಾನೇ. ಗಟ್ಟಿಮಾಡಿಕೊಳ್ಳಲು ಇನ್ನೂ ಎರಡು ಸಲ ಮಾಡಿಸಿ, ಎರಡು ಸಲವೂ ನಡುವೆ ನಾನೇ ಅಡುಗೆಮನೆಗೆ ಹೋಗಿ ಕಾಫಿ ತಂದುಕೊಟ್ಟೆ. ಎರಡು ಸಲವೂ ಹಾಗೆಯೇ ಆಯಿತು.

"ನೋಡ್ದಾ? ಒಂದಾದ್ರೂ ತಪ್ತಾ?" ಎಂದರು ದೇವೀರಮ್ಮ.

"ಇಲ್ಲ ದೇವೀರಮ್ಮಾರೇ, ಒಂದೂ ತಪ್ಪಿಲ್ಲ" ಎಂದೆ. ಬೇರೆ ಏನು ಹೇಳಲಿ? ಆ ತಪ್ಪಿನ ಸುತ್ತ ಒಂದು ಊರೇ ಮನೆ ಮಾಡಿಕೊಂಡಿತ್ತು. ಒಂಬತ್ತರ ಗವಿಯಪ್ಪನವರು ಲೋಟ ಹಿಡಿದು ನಿಲ್ಲುತ್ತಿದ್ದುದು ತಮ್ಮ ಹಲ್ಲು ಉಳಿಸಿಕೊಳ್ಳಲು, ಅವರ ಮರೆಯಲ್ಲಿ ಕೇರಿಯ ಇನ್ನು ಹನ್ನೊಂದು ಮನೆ ಉಳಿಯುತ್ತಿತ್ತು. ಮೂಡಲ ಕೇರಿಯವರು ಇದು ತಮ್ಮ ಪದ್ಧತಿ ಎಂದುಕೊಂಡು ಗೂಡಿನಲ್ಲಿ ಕೊಡುವಂಥದ್ದನ್ನೇ ಇಡುತ್ತಿದ್ದರು. ಬಾವಿಗಳೂ ಹಾಗೆಯೇ ಕಲಿತುಕೊಂಡಿದ್ದವು. ಸರಿಯಾಗಿ ಮಾಡಿದವನು ನಾನೊಬ್ಬನೇ, ಊರು ಕೆಡಿಸಿದವನೂ ನಾನೊಬ್ಬನೇ.

ಕಾಫಿ ಇಲ್ಲದೆಯೇ ಒಂಬತ್ತರಿಂದ ಮೂಡಲ ಕೇರಿಗೆ ಹೋಗಿಬಿಟ್ಟರೆ ಆಗದೇ ಎಂದು ನೀವು ಕೇಳಬಹುದು, ನಾನೂ ಕೇಳಿಕೊಂಡೆ. ಮೊದಲನೇ ನಕಲಪ್ಪ ಅಂಥ ಜಾಣತನ ಒಮ್ಮೆ ಮಾಡಿದ್ದನಂತೆ, ಬಾವಿಗಳಲ್ಲಿ ಮೊಣಕಾಲುದ್ದ ಕೆಸರು ಬಂದಿತ್ತಂತೆ. ದೇವೀರಮ್ಮ ತಾವಾಗಿ ಮರೆತವರಲ್ಲ, ಯಾರೋ ನಿಲ್ಲಿಸಿದ್ದಕ್ಕೆ ಮರೆತವರು. ನನ್ನನ್ನೂ ಯಾರಾದರೂ ನಿಲ್ಲಿಸಬೇಕು. ನಿಲ್ಲಿಸಿ ಎಂದು ನಾನೇ ಕೇಳಿಕೊಂಡರೆ ಅದು ನಿಲ್ಲಿಸಿದಂತಲ್ಲ.

ಬಡಗಲ ಕೇರಿಗೆ ಹೋದೆ. ಮೊದಲ ಎಂಟು ಮನೆಯ ಬಾಚಣಿಗೆ, ಡಬ್ಬಿ, ಕಪ್ಪುಗಳನ್ನು ಇನ್ನೊಮ್ಮೆ ಸಾಗಿಸಿದೆ. ಒಂಬತ್ತನೇ ಮನೆಯ ಮುಂದೆ ಬಂದು ನಿಂತೆ. ಗವಿಯಪ್ಪನವರು ಜಗಲಿಯ ಮೇಲಿದ್ದರು, ನನ್ನ ಕಡೆಗೆ ಬೆನ್ನು ಹಾಕಿ ಕುಳಿತಿದ್ದರು. ಕೆಮ್ಮಿದೆ. ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಂಡೆ. "ಏನ್ ಬಿಸಿಲು, ಅಬ್ಬಾ" ಎಂದೆ. ಬೆಳಿಗ್ಗೆ ಎಂಟು ಗಂಟೆ, ಬಿಸಿಲೇ ಇರಲಿಲ್ಲ.

"ನನ್ ಹಲ್ಲು ಬಾಯಲ್ಲೈತೆ, ಗೂಡು ಖಾಲಿ ಐತೆ. ತಗೊಂಡ್ ಹೋಗಪ್ಪ ಏನ್ ಬೇಕೋ" ಎಂದರು ಗವಿಯಪ್ಪ, ಗೋಡೆಯನ್ನು ನೋಡುತ್ತ.

"ಮನೇಲಿ ಎಲ್ಲ ಚೆನ್ನಾಗಿದ್ದಾರಾ?"

ಗವಿಯಪ್ಪನವರು ಗೋಡೆಯ ಸುಣ್ಣ ಕೆರೆಯತೊಡಗಿದರು. ಆಚೆ ಮನೆಗಳವರು ಬಾಗಿಲ ಸಂದಿಯಿಂದ ಇಣುಕಿದರು. ಅವರೂ ಗೂಡು ಖಾಲಿ ಮಾಡಿಕೊಂಡೇ ಕುಳಿತಿದ್ದರು, ಕಾಫಿ ಬೇಡವೆಂದವನಿಗೆ ಎರಡನೇ ಸಲ ಲೋಟ ಹಿಡಿಯುವ ದರ್ದು ಯಾರಿಗಿತ್ತು? ಗೂಡಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ನುಗ್ಗೆ ಮರ ನೆನಪಾಯಿತು, ಮೂರು ಕಾಲಿನ ನಾಯಿ ನೆನಪಾಯಿತು. ಇನ್ನು ಆಗುವುದಿಲ್ಲ ಎಂದು ಕೈಯನ್ನು ಗೂಡಿನ ಕಡೆಗೆ ಎತ್ತಿದೆ.

"ಏಯ್, ತಡಿ!"

ಕೇರಿಯ ತುದಿಯಿಂದ ಲಕ್ಕಮ್ಮ ಬರುತ್ತಿದ್ದರು. ಒಂದು ಕೈಯಲ್ಲಿ ಲೋಟ, ಅದರ ಮೇಲೆ ಕವುಚಿದ ಬಟ್ಟಲು, ಇನ್ನೊಂದು ಕೈಯಲ್ಲಿ ಸೀರೆಯ ನಿರಿಗೆ. ಅವರು ಬಡಗಲ ಕೇರಿಗೆ ಕಾಲಿಟ್ಟು ಮೂವತ್ತು ವರ್ಷವಾಗಿತ್ತೆಂದು ಆಮೇಲೆ ಗೊತ್ತಾಯಿತು. ಗವಿಯಪ್ಪನವರು ನಿನ್ನೆ ಊರಿಗೆಲ್ಲ ಕೇಳುವಂತೆ ಕೂಗಿದ್ದರಲ್ಲ, ಅದನ್ನು ಕೇಳಿ ಒಂದಕ್ಕೊಂದು ಕೂಡಿಸಿ ನೋಡಿಕೊಂಡಿದ್ದರು. ನನಗೆ ತಿಳಿಯಲು ಮೂರು ಲೋಟ ಕಾಫಿ ಬೇಕಾದ ವಿಷಯ, ನಲವತ್ತು ವರ್ಷದಲ್ಲಿ ಚೀಟಿಯನ್ನೇ ನೋಡದ ಆ ಹೆಂಗಸಿಗೆ ಒಂದು ಬೈಗುಳದಲ್ಲಿ ಹೊಳೆದಿತ್ತು.

"ಕುಡಿ" ಎಂದರು.

ಕುಡಿದೆ. ಅಂಥ ಕಾಫಿಯನ್ನು ಅದಕ್ಕೆ ಮುಂಚೆ ಕುಡಿದಿರಲಿಲ್ಲ. ಬೇರೆಯವರು ಮಾಡಿದ್ದನ್ನು ಕಲಗಚ್ಚು ಎನ್ನುವ ಅಧಿಕಾರ ಈಕೆಗೆ ಇತ್ತು ಎಂದು ಮನಸ್ಸಿಗೆ ಬಂತು, ಬಾಯಿಗೆ ತರಲಿಲ್ಲ. ಬಾಯಿ ಒರೆಸಿಕೊಂಡು "ಎಲ್ಲಿದ್ದೆ? ಹ್ಞಾ, ಮರಳಿ ಮರಳಿ" ಎಂದು ದೇವೀರಮ್ಮ ಅಂದಂತೆಯೇ ಅಂದು ಮೂಡಲ ಕೇರಿಯ ಒಂಬತ್ತನೇ ಮನೆಗೆ ನಡೆದೆ. ನಿಜ ಹೇಳಬೇಕೆಂದರೆ ನನಗೆ ಬಡಗಲ ಮರೆತಿರಲಿಲ್ಲ. ಮರೆತವನಂತೆ ಮಾಡಿದೆ. ನಕಲು ಅಂದಮೇಲೆ ಅಷ್ಟಾದರೂ ಬೇಡವೇ?

ಮೂಡಲ ಕೇರಿಯ ಹದಿನಾಲ್ಕನೇ ಗೂಡಿನಲ್ಲಿ ಪೊಟ್ಟಣವಿತ್ತು. ಅದನ್ನು ತೆಂಕಲ ಕೇರಿಯ ಹದಿನಾಲ್ಕಕ್ಕೆ ಒಯ್ದಾಗ ಚೆನ್ನಾಜಮ್ಮ ಗೂಡಿನ ಪಕ್ಕದಲ್ಲೇ ನಿಂತಿದ್ದರು. ಅಕ್ಕನದೇ ಮೂಗು, ಅದೇ ಗಂಟು.

"ನಿನ್ನೆ ಯಾಕೆ ಬರ್ಲಿಲ್ಲ ಇದು?" ಎಂದರು. ನನ್ನ ತಪ್ಪನ್ನು ಹೇಳಿದೆ. ಅವರು ಪೊಟ್ಟಣ ಮೂಸಿ ನೋಡಿ, "ಮೂವತ್ ವರ್ಷದಿಂದ ಚುಚ್ತಾನೇ ಅವ್ಳೆ. ನಿಂಗೆ ಕಾಫಿ ಬರಲ್ಲ, ತಗೋ ಪುಡಿ ಅಂತ" ಎಂದರು.

"ಹಂಗಾದ್ರೆ ಬಿಸಾಕ್ತೀರಾ?"

"ಬಿಸಾಕೋಕೆ ನಂಗೇನ್ ತಲೆ ಕೆಟ್ಟೈತಾ?" ಎಂದು ಗದರಿ, ಆಮೇಲೆ ಮೆಲ್ಲನೆ, "ನಿನ್ನೆ ಇದು ಬರ್ದೇ ಹೋದಾಗ ಅವ್ಳು ಇದಾಳೋ ಇಲ್ವೋ ಅಂದ್ಕೊಂಡೆ" ಎಂದರು. ಅವರ ಕಣ್ಣು ಕೆಂಪಾಗಿತ್ತು, ರಾತ್ರಿ ನಿದ್ದೆ ಮಾಡಿರಲಿಲ್ಲವೆಂದು ತೋರುತ್ತಿತ್ತು.

ಬಡಗಲ ಕೇರಿಯಲ್ಲಿ ಲೋಟ ಹಿಡಿದು ನನ್ನನ್ನು ನಿಲ್ಲಿಸಿದವರು ಯಾರೆಂದು ಹೇಳಿದೆ. ಚೆನ್ನಾಜಮ್ಮ ಪೊಟ್ಟಣವನ್ನು ಇನ್ನೊಮ್ಮೆ ಮೂಸಿದರು. ಕೊನೆಗೆ "ಮುಂದಿನ್ ವರ್ಷ ಅವ್ಳು ಬರೋದ್ ಬೇಡ. ಮಂಡಿನೋವು ಅವ್ಳಿಗೆ. ನಾನೇ ತರ್ತೀನಿ ಅಂತ ಹೇಳು" ಎಂದರು. ಅದನ್ನು ಲಕ್ಕಮ್ಮನಿಗೆ ಮುಟ್ಟಿಸಿದೆ. ಅವರು "ಅವ್ಳ ಕಾಫಿ ಕುಡುದ್ರೆ ನೀನು ಬಡಗಲ ಅಲ್ಲ, ನಿನ್ ಹೆಸರೇ ಮರೀತೀಯ. ನಾನೇ ಬರ್ತೀನಿ ಅಂತ ಹೇಳು" ಎಂದರು. ಆ ದಿನ ಬಾವಿಗಳು ತುಂಬಿದವು, ಮೇಲಿನ ಒಂದು ಮೆಟ್ಟಿಲು ಮಾತ್ರ ಒಣಗಿಯೇ ಉಳಿಯಿತು. ಮರೆತಂತೆ ಮಾಡಿದ್ದಕ್ಕೆ ಅಷ್ಟು ಮುರಿದುಕೊಂಡಿರಬೇಕು. ಯಾರೂ ತಕರಾರು ತೆಗೆಯಲಿಲ್ಲ, ನನ್ನ ಟ್ರಂಕು ಇದ್ದಲ್ಲೇ ಇತ್ತು.

ಮರುವರ್ಷ ಸಾಗಾಟದ ದಿನ ನಾನು ಎಂಟು ಮುಗಿಸಿ ಬರುವಷ್ಟರಲ್ಲಿ ಗವಿಯಪ್ಪನವರ ಜಗಲಿಯ ಒಂದು ತುದಿಯಲ್ಲಿ ಲಕ್ಕಮ್ಮ, ಇನ್ನೊಂದು ತುದಿಯಲ್ಲಿ ಚೆನ್ನಾಜಮ್ಮ. ಇಬ್ಬರ ಕೈಯಲ್ಲೂ ಲೋಟ, ಮೇಲೆ ಕವುಚಿದ ಬಟ್ಟಲು. ಇಬ್ಬರೂ ಬೀದಿ ನೋಡುತ್ತಿದ್ದರು. ನಡುವೆ ಗವಿಯಪ್ಪನವರು ಸಿಕ್ಕಿಕೊಂಡು, ತಮ್ಮ ಲೋಟವನ್ನು ತಾವೇ ಕುಡಿಯುತ್ತಿದ್ದರು. ಹಲ್ಲು ಗೂಡಿನಲ್ಲಿತ್ತು, ಅವರಿಗೆ ಮತ್ತೆ ಧೈರ್ಯ ಬಂದಿತ್ತು.

"ದೊಡ್ಡೋಳದು ಮೊದಲು" ಎಂದರು ಲಕ್ಕಮ್ಮ.

"ಚಿಕ್ಕೋಳದು ಆರೋಗ್ತಾ ಐತೆ" ಎಂದರು ಚೆನ್ನಾಜಮ್ಮ.

ಎರಡನ್ನೂ ಎರಡು ಕೈಯಲ್ಲಿ ಹಿಡಿದು ಒಂದೊಂದು ಗುಟುಕು ಕುಡಿದೆ. ಯಾವುದು ಯಾರದೆಂದು ಕಣ್ಣು ಮುಚ್ಚಿದರೆ ಹೇಳಲಾಗುತ್ತಿರಲಿಲ್ಲ. ಹಾಗೆಂದು ಹೇಳಿಯೂಬಿಟ್ಟೆ. ಲಕ್ಕಮ್ಮ ನನ್ನ ಬಲಗೈಯ ಲೋಟ ಕಿತ್ತುಕೊಂಡು, ಉಳಿದಿದ್ದನ್ನು ಬಟ್ಟಲಿಗೆ ಬಗ್ಗಿಸಿ, ಕುಡಿದರು. ಗವಿಯಪ್ಪನವರು ತಮ್ಮ ಲೋಟ ಕೆಳಗಿಟ್ಟರು. ತಂಗಿ ಸೆರಗಿನ ತುದಿ ತಿರುವುತ್ತ ನಿಂತಿದ್ದರು, ಅರವತ್ತರ ಹೆಂಗಸು.

"ಪುಡಿ ಚೆನ್ನಾಗೈತೆ" ಎಂದರು ಲಕ್ಕಮ್ಮ.

"ಪುಡಿ ನಿಂದೇ" ಎಂದರು ಚೆನ್ನಾಜಮ್ಮ.

"ಹದಾನೂ ಚೆನ್ನಾಗೈತೆ" ಎಂದರು ಲಕ್ಕಮ್ಮ, ಬಟ್ಟಲಿನೊಳಗೆ ನೋಡುತ್ತ.

ಆಮೇಲೆ ಇಬ್ಬರೂ ಅತ್ತರು, ಗವಿಯಪ್ಪನವರೂ ಅತ್ತರು, ನನ್ನನ್ನು ಯಾರೂ ನೋಡಲಿಲ್ಲ. ನನಗೆ ಕೆಲಸ ನೆನಪಾಯಿತು. "ಮರಳಿ ಮರಳಿ" ಎಂದುಕೊಂಡು ಮುಂದೆ ಹೆಜ್ಜೆಯಿಡಲು ಹೋದರೆ, ಎಲ್ಲಿಗೆ? ಯಾವ ಕೇರಿ? ನಿಜವಾಗಿ ಮರೆತುಹೋಗಿತ್ತು. ಚೀಟಿಯನ್ನು ಕಚೇರಿಯಲ್ಲೇ ಬಿಟ್ಟು ಬಂದಿದ್ದೆ. ನಡುಬೀದಿಯಲ್ಲಿ ಬೆಪ್ಪಾಗಿ ನಿಂತು "ಯಾವ ಕೇರಿ ಅಂತಿತ್ತು?" ಎಂದು ಕೇಳಿದೆ.

"ಮೂಡಲ!" ಎಂದರು ಅಕ್ಕತಂಗಿ ಇಬ್ಬರೂ ಒಟ್ಟಿಗೆ, ಹುಟ್ಟಿದ ಮನೆಯ ಹೆಸರು ಹೇಳಿದಂತೆ.

ಅಂದು ಸಂಜೆ ನಾಲ್ಕಕ್ಕೆ ಬಾವಿಗಳು ಮೇಲಿನ ಮೆಟ್ಟಿಲನ್ನೂ ಮುಳುಗಿಸಿ ಬೀದಿಗೆ ಹರಿದವು. ದೇವೀರಮ್ಮ ಮಂಚದ ಮೇಲಿನಿಂದಲೇ ನೀರಿನ ಸದ್ದು ಕೇಳಿ "ನನ್ ಕೈಯೇ" ಎಂದರಂತೆ. ಆದರೆ ನನಗೆ ನೆನಪಿರುವುದು ಅದಕ್ಕಿಂತ ಮುಂಚಿನದು. ಒಂಬತ್ತು, ಹತ್ತು ಎಂದು ಸಾಗಿಸುತ್ತ ಮೂಡಲ ಕೇರಿಯ ಹದಿನಾಲ್ಕನೇ ಮನೆಗೆ ಬಂದಾಗ ಗೂಡಿನಲ್ಲಿ ಪೊಟ್ಟಣ ಇರಲಿಲ್ಲ. ಒಳಗೆ ಅಡುಗೆಮನೆಯಲ್ಲಿ ಎರಡು ದನಿಗಳು ಕಾಫಿಗೆ ನೀರು ಎಷ್ಟು ಕುದಿಯಬೇಕೆಂದು ಜೋರಾಗಿ ಜಗಳವಾಡುತ್ತಿದ್ದವು. ನಿಯಮ ನಿಯಮವೇ. ಖಾಲಿ ಕೈಯನ್ನು ಎದೆಯ ಮುಂದೆ ಹಿಡಿದುಕೊಂಡು, ಏನೂ ಚೆಲ್ಲದಂತೆ ತೆಂಕಲ ಕೇರಿಗೆ ನಡೆದು, ಹದಿನಾಲ್ಕನೇ ಮನೆಯ ಗೂಡಿನಲ್ಲಿ ಅದನ್ನು ಇಟ್ಟೆ. ಬಾಗಿಲಿಗೆ ಬೀಗ ಹಾಕಿತ್ತು.